ಎಂಪಿ3 ಸಾಕಾ, ಫ್ಲ್ಯಾಕ್ ಬೇಕಾ? ಮನೆಯಲ್ಲೇ ಕಿವಿಗೆ ಪರೀಕ್ಷೆ ಇಡುವ ಕ್ರಮ

ಕಳೆದ ಆಟಿ ತಿಂಗಳಲ್ಲಿ ಭಾವ ಮಂಗಳೂರಿನಿಂದ ಉಡುಪಿಗೆ ನಮ್ಮ ಮನೆಗೆ ಬಂದಿದ್ದರು. ಒಂದು ಕೈಯಲ್ಲಿ ಪತ್ರೊಡೆಯ ಡಬ್ಬಿ, ಇನ್ನೊಂದು ಕೈಯಲ್ಲಿ ಪೆನ್‌ಡ್ರೈವ್. "ಇದರಲ್ಲಿ ಇರುವುದೆಲ್ಲ ಫ್ಲ್ಯಾಕ್. ಒಂದೊಂದು ಪದ್ಯ 30 ಎಂಬಿ ಉಂಟು. ನಿಮ್ಮ ಎಂಪಿ3 ಎಲ್ಲ ಇನ್ನು ಬಿಸಾಡಿ ಮಾರಾಯ್ರೆ" ಅಂದರು. ಎಂಪಿ3, ಫ್ಲ್ಯಾಕ್ ಅಂದರೆ ಹಾಡನ್ನು ಕಂಪ್ಯೂಟರಿನಲ್ಲಿ ಇಡುವ ಎರಡು ಬಗೆಯ ಫೈಲು.

ಚಾವಡಿಯಲ್ಲಿ ಕೂತು ಕೇಳಿದೆವು. ಚೆನ್ನಾಗಿಯೇ ಇತ್ತು. ಆದರೆ ಹೊರಗೆ ಹಂಚಿನ ಮೇಲೆ ಮಳೆ ಹೊಡೆಯುತ್ತಿತ್ತು, ಮೇಲೆ ಫ್ಯಾನ್ ತಿರುಗುತ್ತಿತ್ತು, ಭಾವ ವಾಲ್ಯೂಮನ್ನು ಎರಡು ಗೆರೆ ಜಾಸ್ತಿ ಇಟ್ಟಿದ್ದರು. ಚೆನ್ನಾಗಿದ್ದದ್ದು ಫೈಲಾ, ವಾಲ್ಯೂಮಾ, ಪತ್ರೊಡೆಯಾ? ಹೇಳುವುದು ಹೇಗೆ?

ಆ ವಾದ ಎರಡು ದಿನ ನಡೆಯಿತು. ಕೊನೆಗೆ ಬಾಯಿ ಮುಚ್ಚಿ ಕಿವಿಗೇ ಪರೀಕ್ಷೆ ಇಡೋಣ ಅಂತ ಕೂತೆವು. ಹೇಗೆ ಮಾಡಿದೆವು ಎನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಿಮಗೆ ಬೇಕಾದದ್ದು ಒಂದು ಕಂಪ್ಯೂಟರ್, ಒಂದು ಒರಿಜಿನಲ್ ಸಿಡಿ, ತಂತಿ ಇರುವ ಹೆಡ್‌ಫೋನ್ ಅಥವಾ ಸ್ಪೀಕರ್, ಮತ್ತು ಮಳೆ ನಿಂತ ಒಂದು ರಾತ್ರಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇರುವುದಿಲ್ಲ. ಯಾರ ಹತ್ತಿರವಾದರೂ ಯುಎಸ್‌ಬಿ ಸಿಡಿ ಡ್ರೈವ್ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ.

ಮೊದಲು ಸ್ವಲ್ಪ ಲೆಕ್ಕ

ಲೆಕ್ಕ ಅಂದರೆ ಹೆದರಬೇಡಿ, ಒಂದೇ ಗುಣಾಕಾರ. ಸಿಡಿ 1982ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿರುತ್ತಾರೆ. ಒಂದೊಂದು ಅಳತೆಗೂ 16 ಬಿಟ್, ಅಂದರೆ 16 ಸೊನ್ನೆ-ಒಂದುಗಳು. ಎಡಕ್ಕೊಂದು, ಬಲಕ್ಕೊಂದು, ಹೀಗೆ ಎರಡು ಚಾನೆಲ್. 44,100 × 16 × 2 ಅಂದರೆ ಸೆಕೆಂಡಿಗೆ 14,11,200 ಬಿಟ್. ಇದನ್ನೇ 1411 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಸಾವಿರ ಬಿಟ್) ಅನ್ನುತ್ತೇವೆ. ಈ ಲೆಕ್ಕಕ್ಕೆ ಬಿಟ್‌ರೇಟ್ ಅಂತ ಹೆಸರು. ಐದು ನಿಮಿಷದ ಹಾಡಿಗೆ ಸುಮಾರು 53 ಎಂಬಿ ಆಯಿತು.

44,100 ಯಾಕೆ? ಮನುಷ್ಯನ ಕಿವಿ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ, ಅಂದರೆ ಸೆಕೆಂಡಿಗೆ 20 ಸಾವಿರ ಕಂಪನ. ಒಂದು ಸ್ವರವನ್ನು ಸರಿಯಾಗಿ ಹಿಡಿಯಲು ಅದರ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಸಲ ಅಳೆದರೆ ಸಾಕು. ಆ 20 ಕಿಲೋಹರ್ಟ್ಸ್ ಕೂಡ ಮಕ್ಕಳ ಕಿವಿಯ ಮಾತು. ವಯಸ್ಸಾದ ಹಾಗೆ ಮೇಲಿನ ತುದಿ ಕರಗುತ್ತಾ ಬರುತ್ತದೆ. ನನಗೆ 52. ನನ್ನ ಕಿವಿ 13 ಕಿಲೋಹರ್ಟ್ಸ್ ಹತ್ತಿರ ಬಾಗಿಲು ಹಾಕುತ್ತದೆ. ಮಗಳು "ಅಪ್ಪಾ, ಕೀಂಯ್ ಅಂತ ಕೇಳಿಸ್ತಾ ಉಂಟಲ್ಲ" ಅಂದಾಗ ನನಗೆ ಕೇಳಿಸಿದ್ದು ಬರೀ ಮೌನ.

16 ಬಿಟ್ ಅಂದರೆ ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ. ಈ ಅಂಕಿ ನೆನಪಿರಲಿ, ಮಳೆಯ ವಿಷಯ ಬಂದಾಗ ಬೇಕಾಗುತ್ತದೆ.

ಸಿಪ್ಪೆ ಸುಲಿದ ಕಾಯಿ, ಸುಲಿಯದ ಕಾಯಿ

ಫೈಲುಗಳ ಹೆಸರು ಹತ್ತಾರು ಇದ್ದರೂ ಜಾತಿ ಮೂರೇ.

ಒಂದು, ಏನೂ ಕುಗ್ಗಿಸದ ಫೈಲು. ವೇವ್ ಅಂತ ನೋಡುತ್ತೀರಲ್ಲ, ಅದು. ಸಿಡಿಯಲ್ಲಿದ್ದ ಅಂಕಿಗಳನ್ನು ಹಾಗೇ ತಂದು ಸುರಿದದ್ದು. ಇದಕ್ಕೆ ಎರಡು ತೊಂದರೆ ಉಂಟು. ಹಾಡಿನ ಹೆಸರು, ಭಾಗವತರ ಹೆಸರು ಎಲ್ಲ ಫೈಲಿನ ಒಳಗೆ ಬರೆದಿಡಲು ಸರಿಯಾದ ವ್ಯವಸ್ಥೆ ಇಲ್ಲ. ಮತ್ತೆ, ಸಾಮಾನ್ಯ ವೇವ್ ಫೈಲು 4 ಜಿಬಿ ದಾಟುವಂತಿಲ್ಲ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದರೆ ಆ ಮಿತಿ ನಾಲ್ಕು ಗಂಟೆ ಚಿಲ್ಲರೆಗೆ ಬಂದುಬಿಡುತ್ತದೆ. ಇಡೀ ರಾತ್ರಿಯ ಯಕ್ಷಗಾನ ಆಟ ರೆಕಾರ್ಡ್ ಮಾಡುವವರು ಇದನ್ನು ತಿಳಿದಿರಲೇಬೇಕು. ಪ್ರಸಂಗ ಏರುವ ಹೊತ್ತಿಗೆ ಫೈಲು ತುಂಬಿ ನಿಂತಿರುತ್ತದೆ.

ಎರಡು, ಕುಗ್ಗಿಸಿದರೂ ಏನೂ ಕಳೆದುಕೊಳ್ಳದ ಫೈಲು. ಇದಕ್ಕೆ ಲಾಸ್‌ಲೆಸ್ ಅನ್ನುತ್ತಾರೆ. ಚಾಪೆ ಸುತ್ತಿಟ್ಟ ಹಾಗೆ. ಜಾಗ ಕಮ್ಮಿ ಸಾಕು, ಬಿಚ್ಚಿದರೆ ಅದೇ ಚಾಪೆ, ಒಂದು ಎಳೆಯೂ ತಪ್ಪಿರುವುದಿಲ್ಲ. 2001ರಲ್ಲಿ ಬಂದ ಫ್ಲ್ಯಾಕ್ ಇದರಲ್ಲಿ ಮುಖ್ಯವಾದದ್ದು. ಆಪಲ್‌ನವರದ್ದು ಅಲ್ಯಾಕ್. ಎರಡರ ಧ್ವನಿಯಲ್ಲಿ ವ್ಯತ್ಯಾಸ ಹುಡುಕಲು ಹೋಗಬೇಡಿ, ಇರಲು ಸಾಧ್ಯವೇ ಇಲ್ಲ. ಬಿಚ್ಚಿದಾಗ ಎರಡರಿಂದಲೂ ಬರುವುದು ಅವೇ ಅಂಕಿಗಳು. ನಮ್ಮ ಐದು ನಿಮಿಷದ ಹಾಡು ಫ್ಲ್ಯಾಕ್‌ನಲ್ಲಿ ಸಾಮಾನ್ಯವಾಗಿ 25ರಿಂದ 35 ಎಂಬಿ ಆಗುತ್ತದೆ.

ಮೂರು, ಕಿವಿಗೆ ಕೇಳಿಸಲಿಕ್ಕಿಲ್ಲ ಅಂತ ಅನಿಸಿದ್ದನ್ನು ಕಿತ್ತು ಬಿಸಾಡಿದ ಫೈಲು. ಎಂಪಿ3, ಎಎಸಿ, ಓಪಸ್, ಆಗ್ ವೋರ್ಬಿಸ್ ಎಲ್ಲ ಈ ಸಾಲಿಗೆ ಬರುತ್ತವೆ. ಜೋರು ಸದ್ದಿನ ಪಕ್ಕದಲ್ಲಿರುವ ಮೆಲ್ಲಗಿನ ಸದ್ದು ನಮಗೆ ಕೇಳಿಸುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಪಿಸುಗುಟ್ಟಿದ ಹಾಗೆ. ಕಂಪ್ಯೂಟರ್ ಅಂಥ ಕಡೆ ಬಿಟ್ ಉಳಿತಾಯ ಮಾಡುತ್ತದೆ.

ಇದನ್ನು ನಾನು ತೆಂಗಿನಕಾಯಿಗೆ ಹೋಲಿಸುತ್ತೇನೆ. ಸಿಪ್ಪೆ ಸುಲಿದರೆ ಗೋಣಿಯಲ್ಲಿ ಜಾಸ್ತಿ ಕಾಯಿ ಹಿಡಿಯುತ್ತದೆ, ಚಟ್ನಿಯ ರುಚಿಗೆ ಏನೂ ನಷ್ಟವಿಲ್ಲ. ಆದರೆ ಅಟ್ಟದಲ್ಲಿ ತಿಂಗಳುಗಟ್ಟಲೆ ಇಡಬೇಕಾದರೆ ಸಿಪ್ಪೆ ಇರಲೇಬೇಕು. ಸುಲಿದದ್ದಕ್ಕೆ ಮತ್ತೆ ಸಿಪ್ಪೆ ಅಂಟಿಸಲು ಆಗುವುದೂ ಇಲ್ಲ.

ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಎಂಪಿ3ಯನ್ನು ಫ್ಲ್ಯಾಕ್ ಮಾಡಿದರೆ ಫೈಲು ದಪ್ಪ ಆಗುತ್ತದೆ ಅಷ್ಟೇ. ಯೂಟ್ಯೂಬ್‌ನಿಂದ "320 ಕೆಬಿಪಿಎಸ್" ಅಂತ ಇಳಿಸಿಕೊಡುವ ಸೈಟುಗಳ ಕತೆಯೂ ಹೀಗೇ. ಅಲ್ಲಿ ಹಾಡು ಇರುವುದೇ 128 ಕೆಬಿಪಿಎಸ್ ಆಸುಪಾಸಿನ ಎಎಸಿಯಲ್ಲೋ ಓಪಸ್‌ನಲ್ಲೋ. ಅದನ್ನು 320 ಎಂಪಿ3 ಮಾಡಿದರೆ ಒಂದು ಸಲ ಸುಲಿದದ್ದನ್ನು ಇನ್ನೊಂದು ಸಲ ಸುಲಿದ ಹಾಗೆ. ಗುಣ ಏರುವುದಿಲ್ಲ, ಸ್ವಲ್ಪ ಇಳಿಯುತ್ತದೆ.

ಹಂತ 1: ಸರಿಯಾದ ಹಾಡು ಆರಿಸಿ

ಹೆಚ್ಚಿನವರು ತಪ್ಪುವುದು ಇಲ್ಲೇ. ತಮಗೆ ಇಷ್ಟವಾದ ಮೆಲೊಡಿ ಹಾಡು ಹಾಕಿ, "ವ್ಯತ್ಯಾಸವೇ ಇಲ್ಲ" ಅನ್ನುತ್ತಾರೆ. ಎಂಪಿ3ಗೆ ಯಾವುದು ಕಷ್ಟವೋ ಅದನ್ನು ಕೊಡಬೇಕು. ನಮ್ಮ ಊರಿನವರಿಗೆ ಈ ವಿಷಯದಲ್ಲಿ ದೇವರು ಬೇಕಾದಷ್ಟು ಕೊಟ್ಟಿದ್ದಾನೆ.

ಯಕ್ಷಗಾನದ ಚೆಂಡೆಯ ಪೆಟ್ಟು ನೋಡಿ. ಏನೂ ಇಲ್ಲದ ಕಡೆಯಿಂದ ಒಮ್ಮೆಲೇ ಎದ್ದು ಬರುತ್ತದೆ. ಎಂಪಿ3 ಧ್ವನಿಯನ್ನು ತುಂಡು ತುಂಡಾಗಿ ತೆಗೆದುಕೊಳ್ಳುತ್ತದೆ. ಒಂದು ಫ್ರೇಮ್ ಅಂದರೆ 1152 ಸ್ಯಾಂಪಲ್, ಸಿಡಿ ಲೆಕ್ಕದಲ್ಲಿ ಸುಮಾರು 26 ಮಿಲಿಸೆಕೆಂಡ್. ಪೆಟ್ಟು ಆ ತುಂಡಿನ ಕೊನೆಗೆ ಬಿದ್ದರೂ, ಕುಗ್ಗಿಸುವಾಗ ಹುಟ್ಟಿದ ತಪ್ಪು ತುಂಡಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. ಹಾಗಾಗಿ ಪೆಟ್ಟು ಬೀಳುವ ಮೊದಲೇ 'ಸ್ಸ್' ಅಂತ ಒಂದು ಸಣ್ಣ ಸುಳಿವು ಬರುತ್ತದೆ. ಇದನ್ನು ಪ್ರೀ-ಎಕೋ ಅನ್ನುತ್ತಾರೆ. ಪೆಟ್ಟಿನ ಮೊನೆ ಮಂಕಾಗುತ್ತದೆ. ಇಂಥ ಕಡೆ ತುಂಡನ್ನು ಇನ್ನೂ ಚಿಕ್ಕದು ಮಾಡುವ ಉಪಾಯ ಎಂಪಿ3ಯಲ್ಲೂ ಇದೆ. ಆದರೆ ಬಿಟ್‌ರೇಟ್ ಕಮ್ಮಿ ಇದ್ದಾಗ ಅದೂ ಸೋಲುತ್ತದೆ. ಎಎಸಿ ಮತ್ತು ಓಪಸ್ ಆಮೇಲೆ ಬಂದವು, ಇದನ್ನು ಹೆಚ್ಚು ಚೆನ್ನಾಗಿ ಸಂಭಾಳಿಸುತ್ತವೆ.

ಇನ್ನೊಂದು ಚಕ್ರತಾಳ, ಅಂದರೆ ಚೆಂಡೆಯ ಜೊತೆ ಬಾರಿಸುವ ಲೋಹದ ತಾಳ. ಅದರ ಝಣಝಣದಲ್ಲಿ ಮೇಲಿನ ಸ್ವರಗಳು ಗಿಜಿಗುಡುತ್ತವೆ, ಒಂದು ಕ್ಷಣ ಇದ್ದದ್ದು ಮರುಕ್ಷಣ ಇಲ್ಲ. ಕಮ್ಮಿ ಬಿಟ್‌ರೇಟಿನಲ್ಲಿ ಇದು ನೀರಿನಲ್ಲಿ ಅದ್ದಿ ತೆಗೆದ ಹಾಗೆ ಗುಳುಗುಳು ಅನ್ನುತ್ತದೆ. ಒಮ್ಮೆ ಇದನ್ನು ಗುರುತಿಸಲು ಕಲಿತರೆ ಮತ್ತೆ ಮರೆಯಲು ಆಗುವುದಿಲ್ಲ, ಎಚ್ಚರಿಕೆ! ಆಮೇಲೆ ಮದುವೆ ಹಾಲಿನ ಸ್ಪೀಕರಿನಲ್ಲೂ ಅದೇ ಕೇಳಿಸುತ್ತಿರುತ್ತದೆ.

ಹಾರ್ಮೋನಿಯಂ ಶ್ರುತಿ, ಸ್ಯಾಕ್ಸೋಫೋನಿನ ಉದ್ದ ಸ್ವರ ಸಾಮಾನ್ಯವಾಗಿ ಸುಲಭ. ಅವು ಒಂದೇ ಸಮನೆ ಹೋಗುತ್ತವೆ. ನಾವು ಕದ್ರಿ ಗೋಪಾಲನಾಥರ ಒಂದು ಕಛೇರಿಯ ಸಿಡಿ ಇಟ್ಟುಕೊಂಡಿದ್ದೆವು. ಸ್ಯಾಕ್ಸೋಫೋನ್ ಒಂದೇ ನುಡಿಸುವ ಕಡೆ ನಮಗೆ ಯಾರಿಗೂ ಏನೂ ಗೊತ್ತಾಗಲಿಲ್ಲ. ಕೊನೆಗೆ ಜನ ಚಪ್ಪಾಳೆ ಹೊಡೆದರಲ್ಲ, ಅಲ್ಲಿ 96 ಕೆಬಿಪಿಎಸ್ ಫೈಲು ಸಿಕ್ಕಿಬಿತ್ತು. ಚಪ್ಪಾಳೆ ಹಂಚಿನ ಮೇಲಿನ ಮಳೆಯ ಹಾಗೆ ಆಗಿತ್ತು.

ಹಾಗಾಗಿ ಮೂರು ತುಣುಕು ಆರಿಸಿ: ಒಂದು ಚೆಂಡೆ-ಚಕ್ರತಾಳ, ಒಂದು ನಿಮಗೆ ತುಂಬ ಪರಿಚಯದ ಗಂಟಲು, ಒಂದು ಚಪ್ಪಾಳೆ. ಒಂದೊಂದೂ 10 ಸೆಕೆಂಡು ಸಾಕು.

ಹಂತ 2: ಒಂದೇ ಮೂಲದಿಂದ ಎಲ್ಲ ಫೈಲು ಮಾಡಿ

ಸಿಡಿಯಿಂದ ತೆಗೆದ ಫ್ಲ್ಯಾಕನ್ನೂ ಎಲ್ಲಿಂದಲೋ ಸಿಕ್ಕಿದ ಎಂಪಿ3ಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಅವು ಬೇರೆ ಬೇರೆ ಮಾಸ್ಟರ್‌ನಿಂದ (ಸ್ಟುಡಿಯೋದ ಅಂತಿಮ ಪ್ರತಿಯಿಂದ) ಬಂದಿರಬಹುದು. ಒಂದನ್ನು ಜೋರು ಮಾಡಿರಬಹುದು, ಇನ್ನೊಂದಕ್ಕೆ ಬಾಸ್ ಏರಿಸಿರಬಹುದು. ನೀವು ಆಗ ಹೋಲಿಸುವುದು ಎರಡು ಅಡುಗೆಯನ್ನು, ಎರಡು ಪಾತ್ರೆಯನ್ನಲ್ಲ.

ವಿಂಡೋಸ್ ಇದ್ದರೆ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಮ್ಯಾಕ್, ಲಿನಕ್ಸ್ ಇದ್ದರೆ ಫ್ರೆಯಾಕ್ ಸಿಗುತ್ತದೆ. ಸಿಡಿ ಹಾಕಿ ಫ್ಲ್ಯಾಕ್ ಆಗಿ ತೆಗೆಯಿರಿ. ಎಕ್ಸಾಕ್ಟ್ ಆಡಿಯೋ ಕಾಪಿ ಗೀರು ಬಿದ್ದ ಜಾಗವನ್ನು ಮತ್ತೆ ಮತ್ತೆ ಓದಿ ನೋಡುತ್ತದೆ. ಅದೇ ಸಿಡಿಯನ್ನು ಬೇರೆಯವರು ತೆಗೆದಾಗ ಬಂದ ಲೆಕ್ಕದ ಜೊತೆ ತಾಳೆಯನ್ನೂ ಹಾಕುತ್ತದೆ. ನಮ್ಮ ಕಡೆಯ ಯಕ್ಷಗಾನದ ಸಿಡಿಗಳು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ತಲೆಬಿಸಿ ಬೇಡ. ಎರಡು ಸಲ ತೆಗೆದು ಎರಡೂ ಒಂದೇ ಬಂತಾ ನೋಡಿದರೆ ಆಯಿತು.

ಬಿಳಿ ಮಚ್ಚೆ ಕಂಡ ಸಿಡಿ ಇದ್ದರೆ ಮೊದಲು ಅದನ್ನು ತೆಗೆದಿಡಿ. ನಮ್ಮ ಮಳೆಗಾಲಕ್ಕೆ ಸಿಡಿ, ಕ್ಯಾಸೆಟ್ ಎರಡಕ್ಕೂ ಬೂಸ್ಟು ಹಿಡಿಯುತ್ತದೆ. ಮೆತ್ತಗಿನ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ಸುತ್ತ ಒರೆಸಬೇಡಿ.

ಈಗ ಆ ಫ್ಲ್ಯಾಕ್‌ನಿಂದ ನಾಲ್ಕು ಮರಿ ಮಾಡಿ: 320, 192, 128, 96 ಕೆಬಿಪಿಎಸ್ ಎಂಪಿ3. ಎಂಪಿ3 ಮಾಡಲು ಲೇಮ್ ಅನ್ನುವ ಎನ್‌ಕೋಡರ್ (ಹಾಡನ್ನು ಕುಗ್ಗಿಸುವ ತಂತ್ರಾಂಶ) ಬಳಸಿ, ಫ್ರೆಯಾಕ್‌ನಲ್ಲಿ ಅದು ಇದ್ದೇ ಇರುತ್ತದೆ. ಬೇಕಾದರೆ 128ರ ಓಪಸ್ ಒಂದನ್ನು ಸೇರಿಸಿ. ಎನ್‌ಕೋಡರ್ ಯಾವುದು ಅನ್ನುವುದು ಸಣ್ಣ ವಿಷಯ ಅಲ್ಲ. 128 ಕೆಬಿಪಿಎಸ್ ಎಂಪಿ3 ಅಂದರೆ ಮೂಗು ಮುರಿಯುವವರು ಹೆಚ್ಚಾಗಿ 2000ದ ಆಸುಪಾಸಿನ ಹಳೇ ಎನ್‌ಕೋಡರ್‌ಗಳ ಫೈಲು ಕೇಳಿದವರು. ಇಂದಿನ ಲೇಮ್‌ನ 128 ಅದಕ್ಕಿಂತ ಎಷ್ಟೋ ವಾಸಿ.

ಹಂತ 3: ಕೋಣೆ ಮತ್ತು ವಾಲ್ಯೂಮ್

ಈಗ ಮಳೆಗೆ ಬರೋಣ. ರಾತ್ರಿಯ ಹೊತ್ತು, ಫ್ಯಾನ್ ನಿಲ್ಲಿಸಿದ ಒಂದು ಶಾಂತ ಕೋಣೆಯಲ್ಲೂ ಸುಮಾರು 30 ಡೆಸಿಬೆಲ್ ಸದ್ದು ಇದ್ದೇ ಇರುತ್ತದೆ. ಹಾಡಿನ ಅತಿ ಜೋರಿನ ಜಾಗ 85 ಅಂತ ಇಟ್ಟುಕೊಳ್ಳಿ. ನಿಮಗೆ ಸಿಗುವ ಅಂತರ 55. ಸಿಡಿಯ ಹತ್ತಿರ 96 ಇದೆ. ಅಂದರೆ 24 ಬಿಟ್ ಹಾಡು ತಂದು ಇನ್ನಷ್ಟು ಅಂತರ ಕೊಟ್ಟರೆ ಅದು ಕೂತುಕೊಳ್ಳುವುದು ಎಲ್ಲಿ? ಆಟಿಯ ಮಳೆ ಹಂಚಿನ ಮೇಲೆ ಬೀಳುವಾಗ ಕೋಣೆಯ ಸದ್ದೇ ಮಾತಿನ ಮಟ್ಟಕ್ಕೆ ಏರಿರುತ್ತದೆ. ಆ ಹೊತ್ತಿಗೆ ಫ್ಲ್ಯಾಕ್ ಹಾಕಿದರೂ ಒಂದೇ, ಹಳೇ ರೇಡಿಯೋ ಹಾಕಿದರೂ ಒಂದೇ. ಮಳೆ ನಿಂತರೆ ಕಪ್ಪೆಗಳ ಗಲಾಟೆ, ಅದು ಬೇರೆ. ನಾವು ಕೊನೆಗೆ ಕಿಟಕಿ ಹಾಕಿ ಹೆಡ್‌ಫೋನ್ ಹಿಡಿದೆವು.

ಸ್ಪೀಕರಿನಲ್ಲೇ ಮಾಡುವವರಿಗೆ ಎರಡು ಮಾತು. ರೆಡ್ ಆಕ್ಸೈಡ್ ನೆಲ, ಬರೀ ಗೋಡೆ, ಎತ್ತರದ ಮಾಡು, ಇಂಥ ಚಾವಡಿಯಲ್ಲಿ ಧ್ವನಿ ಚೆಂಡಿನ ಹಾಗೆ ಪುಟಿಯುತ್ತದೆ. ನಡುವೆ ಒಂದು ದಪ್ಪ ಜಮಖಾನ ಹಾಸಿ, ಹಿಂದಿನ ಗೋಡೆಗೆ ಪರದೆ ಬಿಡಿ. ಸ್ಪೀಕರನ್ನು ಗೋಡೆಗೆ ಅಂಟಿಸಬೇಡಿ, ಒಂದೆರಡು ಅಡಿ ಮುಂದೆ ತನ್ನಿ. ಎರಡು ಸ್ಪೀಕರ್, ನೀವು, ಮೂವರೂ ಸಮ ತ್ರಿಕೋನದ ಮೂಲೆಗಳಲ್ಲಿ ಇರಿ. ಚಿಕ್ಕ ಸ್ಪೀಕರ್, ಅಂದರೆ ಟ್ವೀಟರ್, ಕಿವಿಯ ಎತ್ತರಕ್ಕೆ ಬರಲಿ. ಪೈಸೆ ಖರ್ಚಿಲ್ಲದ ಈ ಕೆಲಸದಿಂದ ಬರುವ ಬದಲಾವಣೆ 128ರಿಂದ ಫ್ಲ್ಯಾಕ್‌ಗೆ ಹೋದಾಗ ಬರುವುದಕ್ಕಿಂತ ದೊಡ್ಡದು. ಕಪಾಟಿನ ಒಳಗೆ ಸ್ಪೀಕರ್ ತುರುಕಿ, ಸಿಡಿಗಿಂತ ಸೂಕ್ಷ್ಮವಾಗಿ ಅಳೆದ ಹೈ-ರೆಸ್ ಹಾಡು ಹುಡುಕುವವರನ್ನು ಕಂಡರೆ ನನಗೆ ನಗು ಬರುತ್ತದೆ, ಐದು ವರ್ಷ ನಾನೂ ಅದನ್ನೇ ಮಾಡಿದ್ದೆ.

ವಾಲ್ಯೂಮ್ ವಿಷಯ ಇನ್ನೂ ಮುಖ್ಯ. ಸ್ವಲ್ಪವೇ ಜೋರು ಇರುವುದು ನಮಗೆ 'ಜೋರು' ಅಂತ ಅನಿಸುವುದಿಲ್ಲ, 'ಚಂದ' ಅಂತ ಅನಿಸುತ್ತದೆ. ಸ್ಪೀಕರ್ ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಭಾವ ಎರಡು ಗೆರೆ ಏರಿಸಿದ್ದು ನೆನಪಿದೆಯಲ್ಲ? ಆದ್ದರಿಂದ ಎರಡೂ ಫೈಲು ಒಂದೇ ಮಟ್ಟದಲ್ಲಿ ಬರಬೇಕು. ಒಂದೇ ಮೂಲದಿಂದ ಮಾಡಿದ್ದರೆ ಹೆಚ್ಚಾಗಿ ಸರಿಯೇ ಇರುತ್ತದೆ. ಅನುಮಾನ ಇದ್ದರೆ, ಹಾಡುಗಳ ಜೋರನ್ನು ಒಂದೇ ಮಟ್ಟಕ್ಕೆ ತರುವ ರಿಪ್ಲೇ ಗೇನ್ ಅನ್ನುವ ಸೌಲಭ್ಯ ಬಳಸಿ. ಈಕ್ವಲೈಸರ್, ಬಾಸ್ ಬೂಸ್ಟ್, ಸರೌಂಡ್, ಎಲ್ಲ ಬಂದ್ ಮಾಡಿ.

ಬ್ಲೂಟೂತ್ ಕೂಡ ಬಂದ್. ಅದು ಹಾಡನ್ನು ತನ್ನ ದಾರಿಗೆ ತಕ್ಕಂತೆ ಇನ್ನೊಂದು ಸಲ ಕುಗ್ಗಿಸುತ್ತದೆ. ಎಸ್‌ಬಿಸಿ ಅನ್ನುವ ಮಾಮೂಲಿ ವಿಧಾನದಲ್ಲಿ ಸಿಗುವುದು ಸುಮಾರು 328 ಕೆಬಿಪಿಎಸ್. ಸೋನಿಯ ಎಲ್‌ಡ್ಯಾಕ್ 990ರವರೆಗೆ ಹೋಗುತ್ತದೆ, ಅದೂ 1411 ಅಲ್ಲ. ನೀವು ಫ್ಲ್ಯಾಕ್ ಹಾಕಿದರೂ ಬ್ಲೂಟೂತ್ ಸ್ಪೀಕರಿಗೆ ತಲುಪುವುದು ಸುಲಿದ ಕಾಯಿಯೇ.

ಹಂತ 4: ಕಣ್ಣು ಕಟ್ಟಿ ಕೇಳಿ

ಫೂಬಾರ್2000 ಅನ್ನುವ ಉಚಿತ ಪ್ಲೇಯರ್ ಇದೆ. ಅದಕ್ಕೆ ಎಬಿಎಕ್ಸ್ ಕಂಪ್ಯಾರೇಟರ್ ಅನ್ನುವ ಭಾಗವನ್ನು ಬೇರೆಯಾಗಿ ಇಳಿಸಿ ಸೇರಿಸಿಕೊಳ್ಳಬೇಕು. ಆಮೇಲೆ ಫ್ಲ್ಯಾಕ್ ಒಂದು, ಎಂಪಿ3 ಒಂದು, ಎರಡನ್ನೂ ಒಟ್ಟಿಗೆ ಆರಿಸಿ, ಬಲ ಗುಂಡಿ ಒತ್ತಿ, ಯುಟಿಲಿಟೀಸ್ ಒಳಗೆ ಎಬಿಎಕ್ಸ್ ಆರಿಸಿ. 'ಎ' ಅಂದರೆ ಒಂದು ಫೈಲು, 'ಬಿ' ಅಂದರೆ ಇನ್ನೊಂದು. 'ಎಕ್ಸ್' ಅಂದರೆ ಈ ಎರಡರಲ್ಲಿ ಯಾವುದೋ ಒಂದು, ಕಂಪ್ಯೂಟರ್ ಗುಟ್ಟಾಗಿ ಇಟ್ಟದ್ದು. ಎಕ್ಸ್ ಯಾವುದು ಅಂತ ನೀವು ಹೇಳಬೇಕು. ಎಷ್ಟು ಸಲ ಬೇಕಾದರೂ ಹಿಂದೆ ಮುಂದೆ ಕೇಳಬಹುದು.

ಇದನ್ನು 16 ಸಲ ಮಾಡಿ. 16 ಅಂತ ಮೊದಲೇ ನಿಶ್ಚಯ ಮಾಡಿಕೊಳ್ಳಿ. ನಡುವೆ ಅಂಕ ಚೆನ್ನಾಗಿ ಬಂತು ಅಂತ ನಿಲ್ಲಿಸಿದರೆ ಅದು ಮೋಸ. ಪ್ರತಿ ಏಳೆಂಟು ಸಲಕ್ಕೊಮ್ಮೆ ಎದ್ದು ನೀರು ಕುಡಿದು ಬನ್ನಿ. ಕಿವಿ ಬೇಗ ದಣಿಯುತ್ತದೆ.

ಕಂಪ್ಯೂಟರ್ ಬೇಡ ಅನ್ನುವವರಿಗೆ ಹಳೇ ಉಪಾಯ ಉಂಟು. ಒಬ್ಬರು ಹಿಂದೆ ಕೂತು ನಾಣ್ಯ ಹಾರಿಸಲಿ. ತಲೆ ಬಿದ್ದರೆ ಫ್ಲ್ಯಾಕ್, ಇಲ್ಲದಿದ್ದರೆ ಎಂಪಿ3. ಹಾಕಿದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳಲಿ, ಬಾಯಿ ಬಿಡದಿರಲಿ, ಮುಖವನ್ನೂ ತೋರಿಸದಿರಲಿ. ನಮ್ಮ ಮನೆಯಲ್ಲಿ ಮೊದಲು ಹೀಗೇ ಮಾಡಿದ್ದು. ಮಗಳು ಫ್ಲ್ಯಾಕ್ ಹಾಕುವಾಗಲೆಲ್ಲ ಕಿಸಕ್ಕನೆ ನಗುತ್ತಿದ್ದಳು. ಭಾವನಿಗೆ ಆ ಸುತ್ತಿನಲ್ಲಿ 16ಕ್ಕೆ 16.

ಅಂಕ ಓದುವುದು ಹೇಗೆ? ಏನೂ ಕೇಳಿಸದೆ ಸುಮ್ನೆ ಊಹಿಸಿದರೂ 16ರಲ್ಲಿ ಎಂಟರಷ್ಟು ಸರಿ ಬರುತ್ತದೆ. 9 ಅಥವಾ ಹೆಚ್ಚು ಬರುವುದು 100ರಲ್ಲಿ 40 ಸಲ ಊಹೆಯಿಂದಲೇ ಸಾಧ್ಯ. 12 ಅಥವಾ ಹೆಚ್ಚು ಊಹೆಯಿಂದ ಬರುವುದು 100ರಲ್ಲಿ 4 ಸಲ ಮಾತ್ರ. ಹಾಗಾಗಿ 12 ಮುಟ್ಟಿದರೆ ನಿಮಗೆ ನಿಜವಾಗಿ ಏನೋ ಕೇಳಿಸಿದೆ ಅಂತ ಒಪ್ಪಬಹುದು.

ಕಂಪ್ಯೂಟರ್ ಸುತ್ತಿನಲ್ಲಿ ನಮಗೆ ಬಂದದ್ದು ಇಷ್ಟು. 96ರಲ್ಲಿ ಮೂವರೂ ಸಲೀಸಾಗಿ ಹಿಡಿದೆವು. 128ರ ಚಕ್ರತಾಳದಲ್ಲಿ ಭಾವನಿಗೆ 14, ನನಗೆ 11. ಅಂದರೆ ನಾನು ಫೇಲು. 192ರಲ್ಲಿ ಚೆಂಡೆಯ ತುಣುಕಿಗೆ ಮಗಳಿಗೆ 13, ನಮ್ಮಿಬ್ಬರಿಗೂ ಏನೂ ಇಲ್ಲ. 320ರಲ್ಲಿ ಭಾವನಿಗೆ 9, ಮಗಳಿಗೆ 8, ನನಗೆ 7. ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಹೆಡ್‌ಫೋನ್ ಸರಿ ಇಲ್ಲ ಕಾಣ್ತದೆ" ಅಂದರು.

ನಿಮ್ಮ ಅಂಕ ಬೇರೆ ಇರಬಹುದು. ತರಬೇತಿ ಇರುವ ಕಿವಿ ಕೆಲವು ಕಠಿಣ ತುಣುಕುಗಳಲ್ಲಿ 320ನ್ನೂ ಹಿಡಿಯುವುದುಂಟು.

ಹೈ-ರೆಸ್ ಬಗ್ಗೆ ಸ್ವಲ್ಪ

96 ಅಥವಾ 192 ಕಿಲೋಹರ್ಟ್ಸ್, 24 ಬಿಟ್ ಹಾಡುಗಳಿಗೆ ಹೈ-ರೆಸ್ ಅನ್ನುತ್ತಾರೆ. ಇದರ ಬಗ್ಗೆ 2007ರಲ್ಲಿ ಮೇಯರ್ ಮತ್ತು ಮೊರಾನ್ ಅನ್ನುವವರು ಅಮೆರಿಕದಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಹೈ-ರೆಸ್ ಧ್ವನಿಯನ್ನು ನಡುವೆ ಸಿಡಿಯ ಮಟ್ಟಕ್ಕೆ ಇಳಿಸಿದರೆ ಕೇಳುವವರಿಗೆ ಗೊತ್ತಾಗುತ್ತದಾ ಅಂತ 554 ಸಲ ನೋಡಿದರು. ಸರಿ ಉತ್ತರ ಬಂದದ್ದು ಅರ್ಧದಷ್ಟು, ನಾಣ್ಯ ಹಾರಿಸಿದ ಹಾಗೆ. 2016ರಲ್ಲಿ ಜೋಶುವಾ ರೀಸ್ 18 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ 52.3 ಶೇಕಡಾ ಬಂತು. ತರಬೇತಿ ಇದ್ದವರಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಅಂದರೆ ಇದ್ದರೂ ಇರಬಹುದು, ಆದರೆ ಎಷ್ಟು ಸಣ್ಣದು ನೋಡಿ. ನಾನಂತೂ ಕೇಳಲಿಕ್ಕೆ ಅಂತ ಹೈ-ರೆಸ್‌ಗೆ ದುಡ್ಡು ಕೊಡುವುದಿಲ್ಲ. ರೆಕಾರ್ಡ್ ಮಾಡುವಾಗ 24 ಬಿಟ್ ಬೇಕು, ಅದರ ಕಾರಣ ಕೆಳಗೆ ಬರುತ್ತದೆ.

ಹಂತ 5: ಫ್ಲ್ಯಾಕ್ ನಿಜವಾ, ವೇಷವಾ?

ಭಾವನ ಪೆನ್‌ಡ್ರೈವ್ ಮರೆತಿಲ್ಲ. ಸ್ಪೆಕ್ ಅನ್ನುವ ಚಿಕ್ಕ ಉಚಿತ ತಂತ್ರಾಂಶ ಇದೆ. ಅದಕ್ಕೆ ಹಾಡನ್ನು ಎಳೆದು ಹಾಕಿದರೆ ಒಂದು ಬಣ್ಣದ ಚಿತ್ರ ಬರುತ್ತದೆ. ಅಡ್ಡಕ್ಕೆ ಸಮಯ, ಉದ್ದಕ್ಕೆ ಕೆಳಸ್ವರದಿಂದ ಮೇಲ್ಸ್ವರ. ಸಿಡಿಯಿಂದ ತೆಗೆದ ನಿಜವಾದ ಫ್ಲ್ಯಾಕ್‌ನಲ್ಲಿ ಜೋರಿನ ಜಾಗಗಳ ಬಣ್ಣ 20 ಕಿಲೋಹರ್ಟ್ಸ್ ಆಚೆಗೂ ಹಬ್ಬಿರುತ್ತದೆ. 128ರ ಎಂಪಿ3ಯಲ್ಲಿ 16-17ರ ಹತ್ತಿರ ಕತ್ತಿಯಿಂದ ಕೊಯ್ದ ಹಾಗೆ ನಿಂತುಬಿಡುತ್ತದೆ. ಮೇಲೆಲ್ಲ ಕಪ್ಪು.

ಭಾವ ಯಾವುದೋ ಸೈಟಿನಿಂದ ಇಳಿಸಿದ ಆ 30 ಎಂಬಿಯ ಪದ್ಯ 16 ಕಿಲೋಹರ್ಟ್ಸ್‌ನಲ್ಲಿ ನೇರ ಗೆರೆ ಎಳೆದ ಹಾಗೆ ತುಂಡಾಗಿತ್ತು. ಎಂಪಿ3ಗೆ ಫ್ಲ್ಯಾಕ್ ವೇಷ ಹಾಕಿದ್ದು. ಬಣ್ಣ ಹಚ್ಚಿ ಕಿರೀಟ ಕಟ್ಟಿದರೂ ಕುಣಿಯಲು ಶುರು ಮಾಡಿದಾಗ ಗೊತ್ತಾಗುತ್ತದಲ್ಲ, ಹಾಗೆ.

ಒಂದು ಎಚ್ಚರಿಕೆ. ಮೂಲ ಕ್ಯಾಸೆಟ್ ಆಗಿದ್ದರೆ ಅಲ್ಲೂ ಮೇಲಿನ ಸ್ವರ ಇರುವುದಿಲ್ಲ. ಮಾಮೂಲಿ ಕ್ಯಾಸೆಟ್ 14-15ರ ಹತ್ತಿರ ಸುಸ್ತಾಗುತ್ತದೆ. ಆದರೆ ಅದು ಮೆಲ್ಲಗೆ ಮಸುಕಾಗುತ್ತಾ ಹೋಗುತ್ತದೆ, ಅದರ ಮೇಲೆ ಟೇಪಿನ 'ಹಿಸ್' ಮಂಜಿನ ಹಾಗೆ ಹರಡಿರುತ್ತದೆ. ನೇರ ಗೆರೆ ಕಂಡರೆ ಮಾತ್ರ ಅನುಮಾನ ಪಡಿ.

ಹಂತ 6: ಮನೆಯ ಕ್ಯಾಸೆಟ್ ಇದ್ದರೆ

ಕರಾವಳಿಯ ಎಷ್ಟೋ ಮನೆಗಳ ಅಟ್ಟದಲ್ಲಿ 80-90ರ ದಶಕದ ಯಕ್ಷಗಾನ ಕ್ಯಾಸೆಟ್ ಇನ್ನೂ ಇವೆ. ಭಾಗವತ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡರು. ಅವರ ಕಂಠ ಆಮೇಲಿನವರಿಗೆ ತಲುಪಿದ್ದು ಹೆಚ್ಚಾಗಿ ಕ್ಯಾಸೆಟ್‌ಗಳಿಂದಲೇ. ಆಟದಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಮಾಡಿದ ರೆಕಾರ್ಡ್ ನಿಮ್ಮಲ್ಲಿದ್ದರೆ ಅದರ ಇನ್ನೊಂದು ಪ್ರತಿ ಎಲ್ಲೂ ಇಲ್ಲದಿರಬಹುದು. ಇದಕ್ಕೆ ಫ್ಲ್ಯಾಕ್ ಬೇಕೇ ಬೇಕು. ಇಲ್ಲಿ ಕಿವಿಯ ಪರೀಕ್ಷೆಗೆ ಬೆಲೆ ಇಲ್ಲ. ನಾಳೆ ಯಾರೋ ಇದರ ಹಿಸ್ ತೆಗೆಯಬೇಕು, ಕತ್ತರಿಸಬೇಕು ಅಂದಾಗ ಸಿಪ್ಪೆ ಸಮೇತ ಇರುವ ಕಾಯಿ ಬೇಕಾಗುತ್ತದೆ.

ಡೆಕ್ಕಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹತ್ತಿಯಿಂದ ಒರೆಸಿ. ಬೂಸ್ಟು ಹಿಡಿದ ಟೇಪನ್ನು ಒಳ್ಳೆ ಡೆಕ್ಕಿಗೆ ಹಾಕಬೇಡಿ, ಅದು ಮುಂದಿನ ಕ್ಯಾಸೆಟ್‌ಗಳಿಗೂ ಅಂಟುತ್ತದೆ. ಬೂಸ್ಟು ಕಂಡ ತಕ್ಷಣ ತಿಳಿದವರಿಗೆ ಕೊಡಿ. ಕ್ಯಾಸೆಟ್ಟನ್ನು ಒಂದು ಸಲ ಪೂರ್ತಿ ಮುಂದೆ, ಒಂದು ಸಲ ಪೂರ್ತಿ ಹಿಂದೆ ಓಡಿಸಿ. ಡೆಕ್ಕಿನ ಲೈನ್ ಔಟ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ತಂತಿ ಕೊಡಿ. ಲೈನ್ ಇನ್ ಇಲ್ಲದಿದ್ದರೆ ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಬೇಕು. ಮೈಕಿನ ತೂತಿಗೆ ಸಿಕ್ಕಿಸಬೇಡಿ, ಒಡೆದ ಧ್ವನಿ ಬರುತ್ತದೆ. ಫೋನನ್ನು ಸ್ಪೀಕರಿನ ಎದುರು ಹಿಡಿದು ವಾಟ್ಸಾಪ್ ವಾಯ್ಸ್ ಮೆಸೇಜ್ ಮಾಡುವುದನ್ನಂತೂ ದಯವಿಟ್ಟು ಬಿಡಿ. ಅದು ಮಾತು ಕೇಳಲಿಕ್ಕೆ ಮಾಡಿದ ವ್ಯವಸ್ಥೆ, ಚೆಂಡೆಗಲ್ಲ.

ಆಡಾಸಿಟಿಯಲ್ಲಿ 24 ಬಿಟ್, 48 ಕಿಲೋಹರ್ಟ್ಸ್ ಇಟ್ಟು ರೆಕಾರ್ಡ್ ಮಾಡಿ. ಅತಿ ಜೋರಿನ ಜಾಗ ಮೈನಸ್ 6 ಡೆಸಿಬೆಲ್ ಹತ್ತಿರ ನಿಲ್ಲಲಿ. ಕ್ಯಾಸೆಟ್‌ನಲ್ಲಿ ಇರುವುದೇ 50-60 ಡೆಸಿಬೆಲ್ ಅಂತರ, ಮತ್ತೆ 24 ಬಿಟ್ ಯಾಕೆ? ಚೆಂಡೆ ಯಾವಾಗ ಎಷ್ಟು ಜೋರು ಬರುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ. 24 ಬಿಟ್ ಇದ್ದರೆ ಮಟ್ಟವನ್ನು ಧೈರ್ಯವಾಗಿ ಕೆಳಗಿಡಬಹುದು, ಆಮೇಲೆ ಏರಿಸಿದರೂ ಹಾಳಾಗುವುದಿಲ್ಲ. ಹಿಸ್ ತೆಗೆಯುವ ಕೆಲಸವನ್ನು ಈ ಮೂಲ ಫೈಲಿನಲ್ಲಿ ಮಾಡಬೇಡಿ, ಅದರ ನಕಲಿನಲ್ಲಿ ಮಾಡಿ. ಜಾಸ್ತಿ ತೆಗೆದರೆ ಭಾಗವತರ ಉಸಿರೂ ಹೋಗುತ್ತದೆ.

ಇನ್ನೊಂದು ವಿಷಯ, ಇದು ಪರೀಕ್ಷೆ ಇಲ್ಲದೆಯೂ ಕೇಳಿಸುವಂಥದ್ದು. ಪ್ರಸಂಗವನ್ನು ಪದ್ಯ ಪದ್ಯವಾಗಿ ತುಂಡು ಮಾಡಿ ಎಂಪಿ3 ಮಾಡಿದರೆ, ಪ್ರತಿ ಫೈಲಿನ ತಲೆ-ಬಾಲಕ್ಕೆ ಒಂದು ಚೂರು ಮೌನ ಸೇರಿಕೊಳ್ಳುತ್ತದೆ. ಅದನ್ನು ಕತ್ತರಿಸಿ ಓದಲು ಬಾರದ ಪ್ಲೇಯರ್‌ನಲ್ಲಿ ಚೆಂಡೆ ನಡೆಯುತ್ತಿರುವಾಗ ಟಕ್ ಅಂತ ತಡೆಯುತ್ತದೆ. ಫ್ಲ್ಯಾಕ್‌ನಲ್ಲಿ ಆ ಮೌನ ಸೇರುವುದೇ ಇಲ್ಲ.

ಹಂತ 7: ಇಡುವುದು ಒಂದು, ಕೇಳುವುದು ಇನ್ನೊಂದು

ಈಗ ನಮ್ಮ ಮನೆಯ ವ್ಯವಸ್ಥೆ ಹೀಗಿದೆ. ಸಿಡಿ, ಕ್ಯಾಸೆಟ್‌ನಿಂದ ತೆಗೆದದ್ದೆಲ್ಲ ಫ್ಲ್ಯಾಕ್. ಹಾಡಿಗೆ 30 ಎಂಬಿ ಹಿಡಿದರೂ 1 ಟಿಬಿ ಡಿಸ್ಕಿನಲ್ಲಿ 30 ಸಾವಿರಕ್ಕೂ ಜಾಸ್ತಿ ಹಾಡು ಹಿಡಿಯುತ್ತದೆ, ಜಾಗದ ಚಿಂತೆ ಇಲ್ಲ. ಇಂಥ ಡಿಸ್ಕ್ ಎರಡು. ಒಂದು ಉಡುಪಿಯಲ್ಲಿ, ಇನ್ನೊಂದು ಭಾವನ ಮನೆಯಲ್ಲಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ. ಸಿಡಿಲು ಒಂದೇ ದಿನ ಎರಡೂ ಮನೆಗೆ ಬೀಳಲಿಕ್ಕಿಲ್ಲ. ಫ್ಲ್ಯಾಕ್ ಫೈಲಿನ ಒಳಗೇ, ತಾಳೆ ನೋಡಲಿಕ್ಕೆ ಅಂತ ಎಂಡಿ5 ಅನ್ನುವ ಒಂದು ಲೆಕ್ಕ ಬರೆದಿರುತ್ತದೆ. ವರ್ಷಕ್ಕೊಮ್ಮೆ ಫ್ಲ್ಯಾಕ್ ತಂತ್ರಾಂಶದಿಂದ ಪರೀಕ್ಷೆ ಮಾಡಿಸಿದರೆ ಯಾವ ಫೈಲು ಕೆಟ್ಟಿದೆ ಅಂತ ಅದೇ ಹೇಳುತ್ತದೆ. ಎಂಪಿ3ಯಲ್ಲಿ ಇಂಥ ಅನುಕೂಲ ಇಲ್ಲ.

ಕೇಳಲಿಕ್ಕೆ ಆ ಫ್ಲ್ಯಾಕ್‌ನಿಂದಲೇ ಮರಿ ಮಾಡುತ್ತೇವೆ. ಫೋನಿಗೆ 256ರ ಎಎಸಿ, ಪೆನ್‌ಡ್ರೈವಿಗೆ ಲೇಮ್‌ನ ವಿ0 ಎಂಪಿ3. ವಿ0 ಅಂದರೆ ಕಷ್ಟದ ಕಡೆ ಜಾಸ್ತಿ ಬಿಟ್, ಸುಲಭದ ಕಡೆ ಕಮ್ಮಿ, ಸರಾಸರಿ 245ರ ಸುತ್ತಮುತ್ತ. ಪೆನ್‌ಡ್ರೈವನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿಕೊಳ್ಳಿ, ಹಳೇ ಹೋಮ್ ಥಿಯೇಟರ್ ಮತ್ತು ಕಾರಿನ ಸಿಸ್ಟಮ್‌ಗಳು ಹೆಚ್ಚಾಗಿ ಅದನ್ನೇ ಓದುವುದು. ಫೈಲಿನ ಹೆಸರನ್ನು ಕನ್ನಡದಲ್ಲಿ ಕೊಟ್ಟರೆ ಅವುಗಳಲ್ಲಿ ಬರೀ ಚೌಕ ಚೌಕ ಕಾಣುತ್ತದೆ, ನಂಬರ್ ಹಾಕಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಬೇಜಾರಿನ ವಿಷಯ, ಏನು ಮಾಡುವುದು.

ಸ್ಟ್ರೀಮಿಂಗ್ ಕೇಳುವವರು ಆ್ಯಪ್‌ನ ಸೆಟ್ಟಿಂಗ್ಸ್ ಒಮ್ಮೆ ತೆರೆದು ನೋಡಿ. ಗುಣಮಟ್ಟ 'ಆಟೋ'ದಲ್ಲಿ ಇದ್ದರೆ ನೆಟ್‌ವರ್ಕ್ ಕೈಕೊಟ್ಟಾಗ ನಿಮಗೆ ಗೊತ್ತಿಲ್ಲದೆ ಕೆಳಗಿಳಿದಿರುತ್ತದೆ. ಮನೆಯ ವೈಫೈಯಲ್ಲಿ ಅತಿ ಹೆಚ್ಚಿನದಕ್ಕೆ ಇಡಿ. ಆಪಲ್ ಮ್ಯೂಸಿಕ್ 2021ರಿಂದ ಲಾಸ್‌ಲೆಸ್ಸನ್ನು ಬೇರೆ ದುಡ್ಡಿಲ್ಲದೆ ಕೊಡುತ್ತಿದೆ. 320ರಲ್ಲಿ ಒಂದು ಗಂಟೆಗೆ ಸುಮಾರು 144 ಎಂಬಿ ಡೇಟಾ ಹೋಗುತ್ತದೆ, ಲಾಸ್‌ಲೆಸ್ ಅದರ ಎರಡು ಪಟ್ಟು ದಾಟುತ್ತದೆ.

ಭಾವ ಮಂಗಳೂರಿಗೆ ಹೊರಡುವ ದಿನ ಅವರ ಪೆನ್‌ಡ್ರೈವ್ ಅಳಿಸಿ, ನಮ್ಮ ಸಿಡಿಗಳಿಂದ ತೆಗೆದ ಅಸಲಿ ಫ್ಲ್ಯಾಕ್ ತುಂಬಿಸಿ ಕೊಟ್ಟೆ. ರಾತ್ರಿ ಫೋನ್ ಬಂತು.

"ಮಾರಾಯ್ರೆ, ನಮ್ಮ ಹೋಮ್ ಥಿಯೇಟರಿನಲ್ಲಿ ಇದು ಓಡುವುದೇ ಇಲ್ಲ. ಎಂಪಿ3 ಮಾಡಿ ಕಳಿಸಿ ಆಯ್ತಾ."